ಮೊದಲು ನಿಂದು ಹೇಳು

ನಾರಾಯಣಪೇಟೆ
4 ಸೆಪ್ಟೆಂಬರ್ 2023

ಭಾನು,

ಇಲ್ಲಿ ಎಲ್ಲರೂ ಕ್ಷೇಮ ಎಂದು ಕಾಗದ ಶುರು ಮಾಡಬೇಕೆಂದು ಸಾಲಿಯಲ್ಲಿ ಕಲಿಸಿದ್ದರು. ನಾನು ಹಾಗೆ ಬರೆಯುವುದಿಲ್ಲ. ನಿನ್ನ ಭಾವ ಮಣ್ಣಾಗಿ ತಿಂಗಳಾಯಿತು, ಇನ್ನೆಲ್ಲಿಯ ಕ್ಷೇಮ. ನೀನು ಭಾವನ ದಿನಕರ್ಮದ ಊಟ ಮುಗಿಸಿ ಬಸ್ಸು ಹತ್ತುವಾಗ “ಈ ವಿಷಯ ಫೋನಿನ್ಯಾಗ ಬ್ಯಾಡಕ್ಕ, ಕಾಗದ ಬರಿ, ಮನಿ ವಿಳಾಸಕ್ಕ ಹಾಕು” ಎಂದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಷ್ಟು ವರ್ಷ ಮುಂಬಯಿಯಲ್ಲಿದ್ದರೂ ಅಕ್ಕನ ಅಕ್ಷರ ನೋಡುವ ಆಸೆ ಉಳಿದಿದೆಯಲ್ಲ ನಿನಗೆ, ಅಷ್ಟೇ ಸಂತೋಷ.

ಮಗ್ಗದ ಮೇಲೆ ಅವರು ಅರ್ಧ ನೇಯ್ದ ಗದ್ವಾಲ ಸೀರೆ ಹಾಗೇ ಇತ್ತು. ನಿನಗೆ ಗೊತ್ತು, ಆ ಸೀರೆಗೆ ಇಬ್ಬರು ಕೂರಬೇಕು. ನಡುವಿನ ಹತ್ತಿ ಮೈಗೆ ಎರಡೂ ಕಡೆಯ ರೇಷ್ಮೆ ಅಂಚನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಎಡಕ್ಕೆ ನಾನು ಕೂರುತ್ತಿದ್ದೆ, ಬಲಕ್ಕೆ ಅವರು. ಈಗ ಆ ಜಾಗಕ್ಕೆ ನನ್ನ ನಾದಿನಿ ಸ್ರವಂತಿ ಕೂತಿದ್ದಾಳೆ. ಮೊದಲ ದಿನ ಪೆದ್ದಯ್ಯ ಬಂದ. ನೇಕಾರರ ಕಟ್ಟೆಯ ಹಿರಿಯ ಇನ್ನೂ ಅವನೇ, ಕಣ್ಣು ಮಂಜಾದರೂ ನಾಲಿಗೆ ಮಂಜಾಗಿಲ್ಲ.

“ಯಾರವ್ವಾ ಕುಂತಾಕಿ? ಕುಂತವ್ರದೇ ಕೂಲಿ, ಕುಂತವ್ರದೇ ಕುಂದು. ಹೌದಿಲ್ಲೋ?”

ಸ್ರವಂತಿಗೆ ಭಯವಾಯಿತು. “ಅರ್ಧ ನಮ್ಮಣ್ಣ ನೇಯ್ದದ್ದೈತಲ್ಲ ಮಾಮಾ, ಅಲ್ಲಿ ಕೊಂಡಿ ಬಿಟ್ರ?”

“ಅದೂ ನಿಂದೇ. ಕೂಲಿ ಪೂರಾ ತಗಂತಿ, ಕುಂದು ಅರ್ಧ ತಗಂತಿಯೇನು?”

ಅವಳು ಹೂಂ ಅಂದಳು. ಅಷ್ಟೇ, ಮಾತು ಮುಗಿಯಿತು.

ಈಗ ನೀನು ಕಾನೂನು ಓದಿದವನು, ಬ್ಯಾಂಕಿನಲ್ಲಿ ಮನೆ ಸಾಲದ ಕಾಗದ ನೋಡುವವನು. ಒಂದು ಹೇಳು. ಜೂರಾಲ ದಾಟಿ ಗದ್ವಾಲ ಕಡೆ ಹೋಗುವ ಆ ಟೋಲ್ ರಸ್ತೆ ಯಾರದು? ಅವರು ಬೈಕಿನ ಸಮೇತ ಬಿದ್ದ ಮೋರಿಯ ಗೋಡೆ ಕುಸಿದು ವರ್ಷವಾಗಿತ್ತಂತೆ. ದೀಪವಿಲ್ಲ, ಅಡ್ಡಕ್ಕೆ ಒಂದು ಮುಳ್ಳುಕಂಟಿಯೂ ಇರಲಿಲ್ಲ. ಅರ್ಧ ರಸ್ತೆ ನೀರಿನೊಳಗೆ ಇಳಿದಿತ್ತು. ನನಗೆ ದುಡ್ಡು ಬೇಡ. ನೇಯುವ ಕೈ ಇವೆ. “ಆ ಮೋರಿ ನಮ್ಮದು, ತಪ್ಪು ನಮ್ಮದು” ಎಂದು ಒಬ್ಬರು ನನ್ನ ಮುಂದೆ ನಿಂತು ಹೇಳಲಿ. ಆಮೇಲೆ ಗೋಡೆ ಕಟ್ಟಲಿ.

ನಿನ್ನ ಅಕ್ಕ,
ನವನೀತಾ


ಮುಂಬಯಿ
2 ಅಕ್ಟೋಬರ್ 2023

ಪ್ರೀತಿಯ ಅಕ್ಕ,

ನಿನ್ನ ಕಾಗದ ತಲುಪಿತು. ಶ್ರೀನಿವಾಸ ಭಾವ ಇಲ್ಲ ಎನ್ನುವುದು ನನಗೆ ಇನ್ನೂ ನಂಬಿಕೆಯಾಗುತ್ತಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಮಕ್ತಲಿನ ಸಂತೆಗೆ ಕರೆದೊಯ್ಯುತ್ತಿದ್ದರು.

ನೀನು ಕೇಳಿದ್ದು ನೋಡಲು ಸಣ್ಣ ಪ್ರಶ್ನೆ, ಉತ್ತರ ಸಣ್ಣದಲ್ಲ. ಅಂಥ ರಸ್ತೆಗಳನ್ನು ಒಂದು ಕಂಪನಿ ಸಾಲ ತಂದು ಕಟ್ಟುತ್ತದೆ. ಗೇಟಿನಲ್ಲಿ ಬರುವ ಹಣವೆಲ್ಲ ಒಂದೇ ಖಾತೆಗೆ ಬೀಳುತ್ತದೆ. ಆ ಖಾತೆಯ ಕೀಲಿ ಸಾಲ ಕೊಟ್ಟವರ ಕೈಯಲ್ಲಿರುತ್ತದೆ. ಮೊದಲು ಅವರ ಕಂತು, ಉಳಿದರೆ ರಿಪೇರಿ. ನೀನು ಹೇಳುವ ರಸ್ತೆಯ ಕಂಪನಿ ಮುಳುಗಿ ದಿವಾಳಿ ನ್ಯಾಯಮಂಡಳಿಗೆ ಹೋಗಿದೆ. ಹೋದ ದಿನದಿಂದ ಅದರ ಮೇಲೆ ಯಾರೂ ದಾವೆ ನಡೆಸುವಂತಿಲ್ಲ, ಕಾನೂನು ಅದಕ್ಕೆ ಕೊಡೆ ಹಿಡಿದಿದೆ. ಈಗ ಸಾಲ ಕೊಟ್ಟ ಬ್ಯಾಂಕುಗಳ ಒಕ್ಕೂಟ ಒಬ್ಬ ಏಜೆಂಟನನ್ನು ಇಟ್ಟು ಟೋಲ್ ವಸೂಲು ಮಾಡಿಸುತ್ತಿದೆ. ಹೊಸ ಕಂಪನಿಯನ್ನು ತರುವ ಹಕ್ಕು ಅವರಿಗಿದೆ. ಎಷ್ಟು ದಿನದೊಳಗೆ ತರಬೇಕು ಎಂದು ಎಲ್ಲೂ ಬರೆದಿಲ್ಲ. ಅಲ್ಲಿಯವರೆಗೆ ರಸ್ತೆಯನ್ನು ಯಾರು ನೋಡಿಕೊಳ್ಳಬೇಕು ಎಂದೂ ಬರೆದಿಲ್ಲ.

ದುಃಖದಲ್ಲಿ ಅವಸರ ಮಾಡಬೇಡ. ಇನ್ನೊಂದು ಮಾತು, ಬೇಸರಿಸಬೇಡ. ಆ ದಿನ ಭಾವ ಮಗ್ಗದ ಹಾಸುನೂಲು ಸುತ್ತಿದ ದಿಂಡನ್ನು ಬೈಕಿನ ಮೇಲೆ ಹೇಗೆ ಕಟ್ಟಿಕೊಂಡಿದ್ದರು? ಕಟ್ಟಿದ್ದು ಯಾರು? ಮುಂದೆ ಯಾರಾದರೂ ಕೇಳಬಹುದು, ನನಗೆ ಗೊತ್ತಿದ್ದರೆ ಒಳ್ಳೆಯದು.

ನಿನ್ನ ತಮ್ಮ,
ಭಾನುಪ್ರಕಾಶ


ನಾರಾಯಣಪೇಟೆ
15 ಅಕ್ಟೋಬರ್ 2023

ಭಾನು,

ನಿನ್ನ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು, ನಾನು ನಿಂತ ಕಡೆ ಮಾತ್ರ ಕತ್ತಲೆ. ಆದರೂ ನೀನು ಬಿಡಿಸಿ ಹೇಳಿದ್ದರಿಂದ ಒಂದು ಗೊತ್ತಾಯಿತು. ಆ ಬ್ಯಾಂಕಿನವರು ಮಗ್ಗಕ್ಕೆ ಕೂತಿದ್ದಾರೆ, ಕೂಲಿ ಎತ್ತುತ್ತಿದ್ದಾರೆ, ಕುಂದು ಮಾತ್ರ ಸತ್ತವನದು ಅನ್ನುತ್ತಿದ್ದಾರೆ. ಸ್ರವಂತಿಗಿರುವಷ್ಟು ಮಾನ ಅವರಿಗಿಲ್ಲ.

ಟೋಲ್ ಗೇಟಿಗೆ ಹೋಗಿದ್ದೆ. ಡಬ್ಬಿಯೊಳಗೆ ಕೂತ ಹುಡುಗಿಯನ್ನು ಕೇಳಿದೆ, “ಇಲ್ಲಿ ದೊಡ್ಡವ್ರು ಯಾರವ್ವಾ?”

“ಮೇಮು ವಸೂಲು ಚೇಸೇವಾಳ್ಳಂ ಅಮ್ಮಾ, ಅಂತೇ.” ವಸೂಲು ಮಾಡುವವರು, ಅಷ್ಟೇ.

“ಮತ್ತ ಮೋರಿ?”

“ಅದಿ ಮಾದಿ ಕಾದು.” ಅದು ನಮ್ಮದಲ್ಲ.

ರಸ್ತೆ ಇಲಾಖೆಯವರ ಹತ್ತಿರ ಹೋದರೆ ಅಲ್ಲೂ ಅದೇ, ಮಾದಿ ಕಾದು, ಕಂಪನಿಯದು. ಹೈದರಾಬಾದಿನ ಕಂಪನಿ ಆಫೀಸಿಗೆ ಬೀಗ. ಕಾವಲುಗಾರನೂ ಮಾದಿ ಕಾದು ಅಂದ, ಆಫೀಸಿಗಲ್ಲ ಮಾರಾಯ, ಆ ಬೀಗಕ್ಕೆ! ಗ್ರಾಹಕರ ಕೋರ್ಟಿಗೆ ಹೋಗೋಣವೆಂದರೆ, ಬೈಕಿಗೆ ಟೋಲ್ ಇಲ್ಲವಂತೆ, ಟೋಲ್ ಕೊಡದವನು ಗ್ರಾಹಕನೇ ಅಲ್ಲವಂತೆ. ಪುಕ್ಕಟೆ ಹೋದವನು ಪುಕ್ಕಟೆ ಸಾಯಬೇಕು.

ಮೋರಿಯ ಪಕ್ಕ ಮಿರ್ಚಿ ಅಂಗಡಿ ಇಟ್ಟಿರುವ ಲಿಂಗಣ್ಣ ಇದ್ದಾನೆ, ಅವರ ಅಜ್ಜನ ಕಾಲದಲ್ಲಿ ರಾಯಚೂರಿನಿಂದ ಬಂದವರು. ಅವತ್ತು ನೀರಿಗಿಳಿದು ಅವರನ್ನು ಎತ್ತಿದವನು ಅವನೇ. “ಯವ್ವಾ, ನಾ ಕಲ್ಲಿಗೆ ಸುಣ್ಣ ಬಳ್ದು ಸಾಲಾಗಿ ಇಡ್ತೀನಿ. ಇವ್ರೆಲ್ಲಾ ನಮ್ದಲ್ಲ ಅನ್ನೋತನಕ ಇನ್ನೊಬ್ಬ ಬೀಳ್ತಾನ” ಅಂದ. ಇಟ್ಟಿದ್ದಾನೆ. ಕತ್ತಲಲ್ಲಿಯೂ ಕಾಣುತ್ತವೆ.

ನೀನು ಕೇಳಿದ್ದು. ದಿಂಡು ಕಟ್ಟಿದವಳು ನಾನು. ಅಡ್ಡವಾಗಿ ಕಟ್ಟಿದೆ. ಉದ್ದಕ್ಕೆ ಕಟ್ಟಿದರೆ ಬಾಗಿ ರೇಷ್ಮೆ ಎಳೆ ಮುದುಡುತ್ತದೆ, ಕೂಲಿ ಕೊಡುವ ಗದ್ವಾಲದ ಸೇಠು ಮುಖ ಗಂಟಿಕ್ಕುತ್ತಾನೆ. ಹೊರಡುವಾಗ ಮೋಡವಾಗಿತ್ತು. ನಾಳೆ ಹೋಗಿ ಅನ್ನಬಹುದಿತ್ತು, ಅನ್ನಲಿಲ್ಲ. ದಿಂಡು ಲಿಂಗಣ್ಣನ ಅಂಗಡಿಯಲ್ಲಿತ್ತು, ಹೋಗಿ ತಂದೆ. ಒಂದು ಎಳೆಯೂ ಹರಿದಿರಲಿಲ್ಲ, ನಾನು ಹಾಕಿದ ಗಂಟು ಸಡಿಲಾಗಿರಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ಸ್ರವಂತಿಗೂ ಹೇಳಿಲ್ಲ. ನಿನಗೆ ಹೇಳಿ ಎದೆ ಸ್ವಲ್ಪ ಹಗುರಾಯಿತು.

ನವನೀತಾ


ನಾರಾಯಣಪೇಟೆ
27 ಜನವರಿ 2024

ಭಾನು,

ಮೂರು ತಿಂಗಳಾಯಿತು, ಒಂದು ಸಾಲಿಲ್ಲ. ಸಂಕ್ರಾಂತಿಗೆ ಫೋನು ಮಾಡಿದಾಗ ಎಳ್ಳಿನ ಮಾತು, ಚಳಿಯ ಮಾತು, ನಿನ್ನ ಮಗಳ ಪರೀಕ್ಷೆಯ ಮಾತು. ನಾನು ಮೋರಿ ಅಂದ ಕೂಡಲೇ ಯಾರೋ ಬಾಗಿಲು ತಟ್ಟಿದರು ನಿನಗೆ.

ಲಿಂಗಣ್ಣನ ಕಲ್ಲು ಹೋದವು. ಜೀಪಿನಲ್ಲಿ ಬಂದು ಎತ್ತಿ ಹಾಕಿ ಅವನ ಕೈಗೆ ನೋಟೀಸು ಕೊಟ್ಟು ಹೋದರು. ಈ ರಸ್ತೆಯ ಮೇಲೆ ಸಾಲ ಕೊಟ್ಟವರ ಒಕ್ಕೂಟಕ್ಕೆ ಮೊದಲ ಹಕ್ಕಿದೆ, ಅಪ್ಪಣೆಯಿಲ್ಲದೆ ಏನನ್ನಾದರೂ ಇಟ್ಟರೆ ಕ್ರಮ ಜರುಗಿಸಲಾಗುವುದು ಎಂದು. ಓದಿ ನನಗೆ ನಗು ಬಂತು ಕಣೋ, ಸುಡುಗಾಡು ನಗು. ಮನುಷ್ಯ ಬಿದ್ದಾಗ ಮೋರಿಗೆ ಮಾಲೀಕರಿರಲಿಲ್ಲ. ಕಲ್ಲು ಇಟ್ಟ ಕೂಡಲೇ ಮಾಲೀಕರು ಹುಟ್ಟಿದರು!

ಆ ನೋಟೀಸು ಹಿಡಿದು ಗದ್ವಾಲದ ವಕೀಲ ಚಂದ್ರಕಾಂತ್ ಹತ್ತಿರ ಹೋದೆ. ಬಾಯಿ ಜೋರು, ಮನಸ್ಸು ಒಳ್ಳೆಯದು. “ಅಮ್ಮಾ, ಕಂಪನಿ ಮ್ಯಾಲೆ ಹಾಕಿದ್ರ ಕಲ್ಲಿನ ಮ್ಯಾಲೆ ನೀರು. ಸಾಲ ಕೊಟ್ಟವ್ರನ್ನ ಎಳ್ಕೊಂಬರೂಣು. ಕಲ್ಲು ಎತ್ತಾಕ ಕೈ ಬಂತಂದ್ರ ಗೋಡಿ ಕಟ್ಟಾಕ ಯಾಕ ಬರಲ್ಲ ಅಂತ ಕೇಳೂಣು” ಅಂದ. ಎಲ್ಲರ ಹೆಸರೂ ಹಾಕಿ ದಾವೆ ಹೂಡುತ್ತಿದ್ದೇವೆ. ಪರಿಹಾರದ ಅಂಕಿ ಏನು ಬೇಕಾದರೂ ಬರಿ, ತಪ್ಪು ಯಾರದೆಂದು ತೀರ್ಪಿನಲ್ಲಿ ಬರೆಸು ಎಂದಿದ್ದೇನೆ.

ನವನೀತಾ


ಮುಂಬಯಿ
1 ಫೆಬ್ರವರಿ 2024

ಪ್ರೀತಿಯ ಅಕ್ಕ,

ಕಾಗದ ಇಂದು ಸಂಜೆ ಬಂತು, ಕೂಡಲೇ ಬರೆಯುತ್ತಿದ್ದೇನೆ. ದಯವಿಟ್ಟು ಸಾಲ ಕೊಟ್ಟವರನ್ನು ದಾವೆಗೆ ಸೇರಿಸಬೇಡ. ಕಂಪನಿಯೊಂದರ ಮೇಲೆ ಹಾಕು, ದಿವಾಳಿ ಪ್ರಕರಣ ಮುಗಿಯುವವರೆಗೆ ಕಾಯಿ. ಸಾಲ ಕೊಡುವುದು ರಸ್ತೆ ಕಟ್ಟುವುದಲ್ಲ. ಖಾತೆಯ ಕೀಲಿ ಹಿಡಿದ ಮಾತ್ರಕ್ಕೆ ರಸ್ತೆಯ ಹೊಣೆ ಬರುವುದಿಲ್ಲ. ಹಕ್ಕು ಬೇರೆ, ಹೊಣೆ ಬೇರೆ, ಕಾನೂನು ಹಾಗೆಯೇ ಇದೆ. ಅವರ ವಕೀಲರು ದೊಡ್ಡವರು. ನಿನ್ನನ್ನು ಅಲೆದಾಡಿಸುತ್ತಾರೆ. ನಿನಗೆ ನೋವಾಗುವುದು ನನಗೆ ಬೇಡ.

ಚಂದ್ರಕಾಂತರಿಗೆ ನನ್ನ ಬಗ್ಗೆ ಏನೂ ಹೇಳಬೇಡ. ಸುಮ್ಮನೆ ಇಬ್ಬರು ವಕೀಲರ ಸಲಹೆ ಗೊಂದಲವಾಗುತ್ತದೆ.

ಭಾನು


ನಾರಾಯಣಪೇಟೆ
19 ಜುಲೈ 2024

ಭಾನು,

ನಿನ್ನ ಕಾಗದ ಈ ಸಲ ಓಡೋಡಿ ಬಂತು. ಭಾವ ಸತ್ತ ಕಾಗದಕ್ಕೆ ತಿಂಗಳು ತೆಗೆದುಕೊಂಡವನು ಬ್ಯಾಂಕಿನ ಹೆಸರು ಕೇಳಿ ಅವತ್ತೇ ಪೆನ್ನು ಹಿಡಿದೆಯಲ್ಲ ಎಂದು ಸ್ರವಂತಿ ನಕ್ಕಳು. ನಾನು ಅವಳನ್ನು ಬೈದೆ. ಅಕ್ಕನ ಮೇಲಿನ ಅಕ್ಕರೆ ಅದು, ನಿನಗೇನು ಗೊತ್ತು ಅಂದೆ.

ನಿನ್ನ ಮಾತು ಕೇಳಲಿಲ್ಲ, ಎಲ್ಲರನ್ನೂ ಸೇರಿಸಿದೆ. ಕಂಪನಿಯ ಮೇಲಿನ ದಾವೆ ನೀನು ಹೇಳಿದಂತೆಯೇ ಗಪ್ಪೆಂದು ನಿಂತಿತು. ಒಕ್ಕೂಟದವರು ಉತ್ತರ ಹಾಕಿದ್ದಾರೆ. ಚಂದ್ರಕಾಂತ್ ಅದನ್ನು ಓದಿ ಅರ್ಥ ಹೇಳಿದ. ಏನು ಬರೆದಿದ್ದಾರೆ ಅಂತೀ! ಒಕ್ಕೂಟಕ್ಕೆ ರಸ್ತೆಯ ಆದಾಯದ ಮೇಲೆ ಹಕ್ಕಿದೆ, ರಸ್ತೆಯ ಮೇಲೆ ಇಲ್ಲ. ಕಲ್ಲು ತೆಗೆಸಿದ್ದು ಏಜೆಂಟನು, ಒಕ್ಕೂಟವಲ್ಲ. ಏಜೆಂಟನು ವಸೂಲಿಗೆ ಮಾತ್ರ ಏಜೆಂಟನು, ಮಿಕ್ಕದ್ದಕ್ಕೆ ಅಲ್ಲ. ಹಾವೂ ಸಾಯದು, ಕೋಲೂ ಮುರಿಯದು. ನಾನೂ ನೇಯುವವಳು ಭಾನು, ಕೆಲಸ ಕಂಡರೆ ಗೊತ್ತಾಗುತ್ತದೆ. ಬರೆದವನು ಭಾರೀ ಕಸುಬುದಾರ. ಎಲ್ಲಿ ಕೊಂಡಿ ಹಾಕಿದ, ಎಲ್ಲಿ ಎಳೆ ಮುಚ್ಚಿದ ಕಾಣುವುದೇ ಇಲ್ಲ. ಅವನ ಕೈಗೆ ಹುಳ ಬೀಳಲಿ.

ಅದರ ಜೆರಾಕ್ಸು ಇದರೊಳಗೆ ಇಟ್ಟಿದ್ದೇನೆ. ನೀನು ಓದಿ ಎಲ್ಲಾದರೂ ಒಂದು ಎಳೆ ಬಿಟ್ಟಿದ್ದರೆ ತೋರಿಸು. ಅಲ್ಲಿಂದ ಬಿಚ್ಚುತ್ತೇವೆ.

ನವನೀತಾ


ಮುಂಬಯಿ
11 ನವೆಂಬರ್ 2024

ಪ್ರೀತಿಯ ಅಕ್ಕ,

ತಡವಾಯಿತು. ಕೆಲಸ ಹೆಚ್ಚಾಗಿದೆ. ಹುದ್ದೆಯಲ್ಲಿ ಬಡ್ತಿ ಸಿಕ್ಕಿತು, ಹೇಳಲು ಮನಸ್ಸಾಗಿರಲಿಲ್ಲ. ನಿನಗೊಂದು ಉಣ್ಣೆಯ ಶಾಲು ಕಳಿಸಿದ್ದೇನೆ.

ನೀನು ಕಳಿಸಿದ್ದನ್ನು ಓದಿದೆ. ಅದರಲ್ಲಿ ಬಿಟ್ಟ ಎಳೆ ನನಗೆ ಕಾಣಲಿಲ್ಲ.

ಒಂದು ಮಾತು ಕೇಳು. ಸಾಕ್ಷಿ ಕಟ್ಟೆಗೆ ನೀನು ಹತ್ತಬೇಡ. ಲಿಂಗಣ್ಣ ಹೇಳಲಿ, ಅವನು ಕಣ್ಣಾರೆ ಕಂಡವನು. ನೀನು ಹೋಗಲೇಬೇಡ ಅಕ್ಕ. ಯಾಕೆಂದು ಕೇಳಬೇಡ, ನನ್ನ ಮೇಲೆ ನಂಬಿಕೆಯಿದ್ದರೆ ಇದೊಂದು ನಡೆಸಿಕೊಡು.

ಭಾನು


ನಾರಾಯಣಪೇಟೆ
9 ಮಾರ್ಚ್ 2025

ಭಾನು,

ಸಾಕ್ಷಿ ಕಟ್ಟೆ ಹತ್ತಬೇಡ ಅಂದಿದ್ದೆ, ಹತ್ತಿದೆ. ಅಕ್ಕ ಹೆದರಿಕೊಳ್ಳುತ್ತಾಳೆ ಎಂದುಕೊಂಡೆಯಾ? ಸೇಠುಗಳ ಗದ್ದಿಗೆಯ ಮುಂದೆ ನಿಂತು ಕೂಲಿ ಕೇಳಿದವಳು ನಾನು, ಕಪ್ಪು ಕೋಟಿಗೆ ಹೆದರುತ್ತೇನೆಯೇ? ಗಂಡನ ಸಾವಿನ ಮಾತು ಮಿರ್ಚಿ ಅಂಗಡಿಯವನ ಬಾಯಲ್ಲಿ ಹೇಳಿಸಿ ನಾನು ಹಿಂದೆ ಕೂರುವುದೆಂದರೆ ಏನು. ಸೋಮವಾರ ನಿನ್ನ ಶಾಲು ಹೊದ್ದುಕೊಂಡು ಗದ್ವಾಲಕ್ಕೆ ಹೋದೆ. ಪೆದ್ದಯ್ಯನೂ ಬಂದಿದ್ದ, ಹಿಂದಿನ ಬೆಂಚಿನಲ್ಲಿ ಕೂತಿದ್ದ.

ಒಕ್ಕೂಟದ ಪರವಾಗಿ ಬಂದವನು ಎಳೆಯ ವಕೀಲ. ತೆಲುಗಿನಲ್ಲಿ ಮೆತ್ತಗೆ ಕೇಳುತ್ತಿದ್ದ. ಊರು ಯಾವುದು, ಮಗ್ಗ ಎಷ್ಟು ವರ್ಷದಿಂದ, ಆ ದಿನ ಯಜಮಾನರು ಏನು ಒಯ್ಯುತ್ತಿದ್ದರು. ದಿಂಡು ಎಂದೆ. ಅಡ್ಡವಾಗಿತ್ತೇ ಎಂದ, ಹೌದು ಎಂದೆ. ಚಂದ್ರಕಾಂತ್ ನನಗೆ ಕಲಿಸಿಕೊಟ್ಟಿದ್ದ, ಕೇಳಿದಷ್ಟಕ್ಕೆ ಹೌದು ಇಲ್ಲ ಅನ್ನು, ಮುಂದೆ ಹೋಗಬೇಡ ಎಂದು. ಹಾಗೇ ಹೇಳುತ್ತಿದ್ದೆ. ಆಗ ಆ ಹುಡುಗ ಕಾಗದ ಮುಚ್ಚಿ ಹತ್ತಿರ ಬಂದು ನಿಂತು, ನಮ್ಮ ಮಾತಿನಲ್ಲಿ, ನಮ್ಮ ರಾಗದಲ್ಲಿ ಅಂದ:

“ಅಕ್ಕಾ, ಮೊದಲು ನಿಂದು ಹೇಳು.”

ನಿನಗೆ ನೆನಪಿದೆಯಲ್ಲ, ಅಪ್ಪ ನಮ್ಮನ್ನು ಕರೆದುಕೊಂಡು ಹೋಗಿ ನೇಕಾರರ ಕಟ್ಟೆಯ ಕೆಳಗೆ ಕೂರಿಸುತ್ತಿದ್ದ. ದೂರು ತಂದವನು ಲಾಳಿಯನ್ನು ನೆಲಕ್ಕಿಟ್ಟು ಮೊದಲು ತನ್ನ ತಪ್ಪು ಹೇಳಬೇಕು. ಅವನು ಹೇಳಿದ ಮೇಲೆ ಎದುರಿನವನು ತನ್ನದು ಹೇಳಲೇಬೇಕು. ಹೇಳದಿದ್ದವನ ಕೈಯಿಂದ ಯಾರೂ ನೂಲು ಮುಟ್ಟುವುದಿಲ್ಲ. ಸುಳ್ಳು ಹೇಳಿ ಉಳಿದವರುಂಟು, ಆದರೆ ಮೊದಲು ನಿಂದು ಹೇಳು ಅಂದ ಮೇಲೆ ಬಾಯಿ ಮುಚ್ಚಿ ನಿಂತವರನ್ನು ನಾನು ಕಂಡಿಲ್ಲ. ಆ ಮಾತು ಕೇಳಿದ ಕೂಡಲೇ ನನಗೆ ಕೋರ್ಟು ಮರೆತುಹೋಯಿತು. ಅಬ್ಬಾ, ಕಡೆಗೂ ನ್ಯಾಯ ಬಲ್ಲವನೊಬ್ಬ ಬಂದ ಎಂದು ಕಣ್ಣಲ್ಲಿ ನೀರು ಬಂತು. ಇವನು ತನ್ನದು ಹೇಳುವುದಕ್ಕಾಗಿಯೇ ನನ್ನದು ಕೇಳುತ್ತಿದ್ದಾನೆ ಅಂದುಕೊಂಡೆ.

“ದಿಂಡು ಅಡ್ಡ ಕಟ್ಟಿದಾಕಿ ನಾನ್ರೀ” ಅಂದೆ. “ಮೋಡ ಆಗಿತ್ತು, ನಾಳಿ ಹೋಗ್ರಿ ಅನಬೇಕಿತ್ತು, ಅನಲಿಲ್ಲ. ಅದು ನಂದು. ಒಪ್ಕಂತೀನಿ.”

ಚಂದ್ರಕಾಂತ್ ಎದ್ದು ನಿಂತು ಏನೋ ಕೂಗಿದ. ಜಡ್ಜ್ ಸಾಹೇಬರು ಟೈಪಿನವನಿಗೆ ಹೇಳಿ ಬರೆಸುತ್ತಿದ್ದರು. ನಾನು ಆ ಹುಡುಗನ ಮುಖ ನೋಡುತ್ತ ನಿಂತೆ.

“ನಂದು ಆತು. ಈಗ ನಿಮ್ದು ಹೇಳ್ರಿ” ಅಂದೆ.

ಅವನು ಸಾಹೇಬರ ಕಡೆ ತಿರುಗಿ ಇನ್ನು ಪ್ರಶ್ನೆಯಿಲ್ಲ ಎಂದು ಹೇಳಿ ಹೋಗಿ ಕೂತುಕೊಂಡ. ಅಷ್ಟೇ! ನಾನು ಇನ್ನೂ ಕಾಯುತ್ತಲೇ ಇದ್ದೆ. “ನಿಮ್ದು ಹೇಳ್ರೀ” ಎಂದು ಮತ್ತೆ ಅಂದೆ. ಕೆಲವರು ನಕ್ಕರು. ಪೆದ್ದಯ್ಯ ಎದ್ದು ಹೊರಗೆ ಹೋದ.

ಬಸ್ಸಿನಲ್ಲಿ ಚಂದ್ರಕಾಂತನ ಬೈಗುಳ ಕಿವಿಯಲ್ಲಿ ಕುಟ್ಟುತ್ತಿತ್ತು. ದಿಂಡು ಅಡ್ಡ ಇತ್ತೆಂದು ಅವರಿಗೆ ಹೇಗೆ ಗೊತ್ತಾಯಿತೋ? ನಮ್ಮ ಕಟ್ಟೆಯ ಮಾತು ಆ ತೆಲುಗು ಹುಡುಗನ ಬಾಯಿಗೆ ಹೇಗೆ ಬಂತೋ? ಲಿಂಗಣ್ಣ ಎಲ್ಲಾದರೂ ಬಾಯಿ ಬಿಟ್ಟಿರಬೇಕು ಎಂದು ಅವನ ಮೇಲೆ ಹರಿಹಾಯ್ದೆ. ಪಾಪ, ಅವನು ಅಳುವುದೊಂದು ಬಾಕಿ. ನಿನಗೇನಾದರೂ ಹೊಳೆದರೆ ಬರಿ.

ನವನೀತಾ


ನಾರಾಯಣಪೇಟೆ
22 ಆಗಸ್ಟ್ 2025

ಭಾನುಪ್ರಕಾಶ,

ನಿನಗೇನೂ ಹೊಳೆಯಲಿಲ್ಲ ಎಂದು ಕಾಣುತ್ತದೆ. ಫೋನೂ ಎತ್ತುವುದಿಲ್ಲ.

ತೀರ್ಪು ಬಂತು. ಕಂಪನಿಯ ಮಾತು ಎತ್ತುವ ಹಾಗಿಲ್ಲ, ದಿವಾಳಿಯ ಕೊಡೆ ಇದೆ. ಇಲಾಖೆ ಒಪ್ಪಂದದಲ್ಲಿ ಹೊಣೆಯನ್ನು ಕಂಪನಿಗೆ ಕೊಟ್ಟು ಕೈ ತೊಳೆದಿದೆ. ಸಾಲ ಕೊಟ್ಟವರು ಆದಾಯ ಪಡೆಯುತ್ತಿದ್ದಾರೆ ನಿಜ, ಆದರೆ ರಸ್ತೆಯನ್ನು ಕಾಪಾಡಬೇಕೆಂದು ಅವರಿಗೆ ಹೇಳುವ ಕಾನೂನು ಯಾವುದೂ ಇಲ್ಲ. ಸಾಹೇಬರು ಇದು ವಿಷಾದದ ಸಂಗತಿ ಎಂದೂ ಬರೆದಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ. ಕೊನೆಗೆ, ಮೃತನ ಹೆಂಡತಿ ತಾನೇ ಒಪ್ಪಿಕೊಂಡಂತೆ ಅಪಾಯಕರವಾಗಿ ಕಟ್ಟಿದ ಹೊರೆಯೇ ಅವಘಡಕ್ಕೆ ಕಾರಣವೆಂದು ಕಾಣುತ್ತದೆ ಎಂದಿದೆ. ಇಷ್ಟು ದೊಡ್ಡ ರಸ್ತೆ, ಇಷ್ಟು ಬ್ಯಾಂಕು, ಇಷ್ಟು ಸರ್ಕಾರ. ತಪ್ಪಿತಸ್ಥರ ಜಾಗದಲ್ಲಿ ಒಂದೇ ಹೆಸರು ಬಂದಿದೆ, ಅದು ನನ್ನದು. ನನ್ನ ಗಂಡನನ್ನು ಕೊಂದವಳು ನಾನಂತೆ ಭಾನು.

ತೀರ್ಪಿನ ನಕಲು ತರಲು ಹೋದಾಗ ಕೋರ್ಟಿನ ಚಹಾದ ಅಂಗಡಿಯಲ್ಲಿ ಆ ಎಳೆಯ ವಕೀಲ ಇದ್ದ. ನನ್ನನ್ನು ಕಂಡು ಎದ್ದು ನಿಂತ. ಕೆಟ್ಟವನೇನಲ್ಲ. “ಏನಪಾ, ಕನ್ನಡ ಎಲ್ಲಿ ಕಲ್ತಿ?” ಎಂದೆ. ಅವನಿಗೆ ಅರ್ಥವಾಗಲಿಲ್ಲ. ತೆಲುಗಿನಲ್ಲಿ ಕೇಳಿದೆ.

“ನಾಕು ಕನ್ನಡಂ ರಾದಮ್ಮಾ. ಆ ಒಕ್ಕ ಮಾಟ ಮುಂಬಯಿ ಆಫೀಸುಲೋ ಸಾರ್ ನೇರ್ಪಿಂಚಾರು.”

ಕನ್ನಡ ಬರುವುದಿಲ್ಲಮ್ಮ, ಆ ಒಂದು ಮಾತು ಮುಂಬಯಿ ಆಫೀಸಿನ ಸಾರ್ ಕಲಿಸಿದರು. ಫೋನಿನಲ್ಲಿ ಎರಡು ಮೂರು ಸಲ ಹೇಳಿಸಿದರಂತೆ, ರಾಗ ಸರಿಯಾಗುವ ತನಕ. ಆ ಸಾರ್ ಈ ಕಡೆಯವರೇ ಅಂತೆ, ಬಹಳ ಬುದ್ಧಿವಂತರಂತೆ, ಒಕ್ಕೂಟದ ಉತ್ತರವನ್ನೆಲ್ಲ ಅವರೇ ಬರೆದದ್ದಂತೆ. ಹೆಸರು ನಾನು ಕೇಳಲಿಲ್ಲ. ಬೇಕಾಗಲಿಲ್ಲ.

ಕಾಗದ ಬರಿ, ಫೋನು ಬೇಡ ಅಂದದ್ದು ಅಕ್ಷರದ ಆಸೆಯಿಂದಲ್ಲ. ಬ್ಯಾಂಕಿನ ಫೋನಿನಲ್ಲಿ ಅಕ್ಕನ ಹೆಸರು ಕಾಣಬಾರದು ಎಂದು. ದಿಂಡು ಕಟ್ಟಿದ್ದು ಯಾರೆಂದು ಕೇಳಿದೆ, ನಾನು ಎದೆ ಬಿಚ್ಚಿ ಹೇಳಿದೆ. ನೀನು ಅದನ್ನು ಒಯ್ದು ನಿನ್ನ ಸಾಹೇಬರ ಮೇಜಿನ ಮೇಲೆ ಇಟ್ಟೆ. ಆ ಉತ್ತರ ಬರೆದ ಕೈಗೆ ಹುಳ ಬೀಳಲಿ ಅಂದಿದ್ದೆನಲ್ಲ, ಆ ಮಾತು ಹಿಂದಕ್ಕೆ ತೆಗೆದುಕೊಳ್ಳಲೂ ಮನಸ್ಸಾಗುವುದಿಲ್ಲ, ಬಿಡಲೂ ಆಗುವುದಿಲ್ಲ. ನಿನಗೆ ತುತ್ತು ಕಲಸಿ ಕೊಟ್ಟವಳು ನಾನು.

ಸುಳ್ಳು ಸಾಕ್ಷಿ ತಂದು ಗೆದ್ದಿದ್ದರೆ ಇಷ್ಟು ಸುಡುತ್ತಿರಲಿಲ್ಲ. ನಮ್ಮ ಅಪ್ಪನ ಕಟ್ಟೆಯ ಮಾತನ್ನೇ ತೆಗೆದುಕೊಂಡು ನನಗೆ ಬಲೆ ಹೆಣೆದೆ. ಜಗತ್ತಿನಲ್ಲಿ ಆ ಬಲೆಗೆ ಬೀಳುವವಳು ನಾನೊಬ್ಬಳೇ ಎಂದು ನಿನಗೆ ಗೊತ್ತಿತ್ತು.

ನಿನ್ನೆ ಪೆದ್ದಯ್ಯನ ಹತ್ತಿರ ಹೋಗಿ ಎಲ್ಲ ಹೇಳಿದೆ. ಕೇಳಿಸಿಕೊಂಡ. ಆಮೇಲೆ ಅಂದ, “ನೀ ನಿಂದು ಹೇಳೀದಿ. ಇನ್ನ ಅವಂದು ಬಾಕಿ ಐತಿ. ಕೇಳು.”

ಕೇಳುತ್ತಿದ್ದೇನೆ. ನನ್ನದು ನಾನು ಕೋರ್ಟಿನಲ್ಲಿ ನಾಲ್ಕು ಮಂದಿಯ ಎದುರಿಗೆ ಹೇಳಿದ್ದೇನೆ. ಈಗ ನಿಂದು ಹೇಳು.

ನವನೀತಾ


ಮುಂಬಯಿ
14 ಸೆಪ್ಟೆಂಬರ್ 2025

ಈ ಪತ್ರದಲ್ಲಿನ ಯಾವ ಮಾತನ್ನೂ ಬರೆದವನಾಗಲಿ ಅವನ ಸಂಸ್ಥೆಯಾಗಲಿ ತಪ್ಪನ್ನು ಅಥವಾ ಹೊಣೆಯನ್ನು ಒಪ್ಪಿಕೊಂಡಂತೆ ಎಣಿಸತಕ್ಕದ್ದಲ್ಲ.

ಅಕ್ಕ,

ಮೇಲಿನ ಸಾಲಿಗೆ ಬೇಸರ ಮಾಡಿಕೊಳ್ಳಬೇಡ. ಅಪೀಲಿನ ಅವಧಿ ಇನ್ನೂ ಇದೆ. ನಾನು ಬರೆದದ್ದು ಚಂದ್ರಕಾಂತರ ಕೈಗೆ ಹೋದರೆ ನನ್ನ ಕೆಲಸ ಹೋಗುತ್ತದೆ, ಮಗಳ ಓದು ನಿಲ್ಲುತ್ತದೆ. ಅದಕ್ಕಾಗಿ ಅಷ್ಟೇ.

ಹೌದು, ಆ ಒಕ್ಕೂಟದ ಮುಂದಾಳು ನಮ್ಮ ಬ್ಯಾಂಕೇ. ಮನೆ ಸಾಲದ ವಿಭಾಗ ಬಿಟ್ಟು ಬಹಳ ವರ್ಷವಾಯಿತು, ನಿನಗೆ ಹೇಳುವ ಸಂದರ್ಭ ಬರಲಿಲ್ಲ. ಟೋಲ್ ರಸ್ತೆಯ ಒಪ್ಪಂದಗಳನ್ನು ನಾನೇ ಬರೆಯುತ್ತೇನೆ. ಹೊಸ ಕಂಪನಿ ಬರುವವರೆಗೆ ನಿರ್ವಹಣೆಯ ಹೊಣೆ ಸಾಲ ಕೊಟ್ಟವರ ಮೇಲೆ ಬೀಳಬಾರದು ಎಂಬ ಷರತ್ತು ಇದೆಯಲ್ಲ, ಅದನ್ನು ಬರೆದಾಗ ನನ್ನ ಕಣ್ಣ ಮುಂದೆ ಜೂರಾಲದ ಮೋರಿ ಇರಲಿಲ್ಲ. ಒಂದು ಕೋಷ್ಟಕ ಇತ್ತು. ಹಾಗೆ ಬರೆಯಬಾರದೆಂದು ಯಾವ ಕಾಯಿದೆಯೂ ನನಗೆ ಹೇಳಲಿಲ್ಲ. ಹೇಳಿದ್ದರೆ ಬರೆಯುತ್ತಿರಲಿಲ್ಲ.

ಭಾವನ ಸುದ್ದಿ ಬಂದಾಗ ಎಲ್ಲಿ ಬಿದ್ದದ್ದು ಎಂದು ಕೇಳಿದೆ. ನೀನು ಹೇಳಿದೆ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಈ ಪ್ರಕರಣ ನನಗೆ ಬೇಡ ಎಂದು ಹೇಳಬಹುದಿತ್ತು. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಸಾಹೇಬರು ಒಂದು ಸಭೆಯಲ್ಲಿ, ಆ ಕಡೆಯ ಜನ ಹೇಗೆ, ಸುಳ್ಳು ಹೇಳುತ್ತಾರೆಯೇ ಎಂದು ಕೇಳಿದರು. ಇಲ್ಲ, ನಮ್ಮವರು ಸುಳ್ಳು ಹೇಳುವುದಿಲ್ಲ ಎಂದೆ. ಹೆಮ್ಮೆಯಿಂದ ಹೇಳಿದೆ ಅಕ್ಕ. ಆಮೇಲೆ ಕಟ್ಟೆಯ ಕತೆ ಬಂತು. ಎಲ್ಲರೂ ಮೆಚ್ಚಿಕೊಂಡರು. ನಂತರ ಅದು ನನ್ನ ಕೈ ಮೀರಿತು. ಹತ್ತಬೇಡ ಎಂದು ನಿನಗೆ ಬರೆದೆನಲ್ಲ. ಅದನ್ನಾದರೂ ನನ್ನ ಕಡೆ ಹಿಡಿ.

ಕೆಲವು ಸಂಗತಿಗಳು ಬೇರೆ ರೀತಿ ನಡೆಯಬಹುದಿತ್ತು ಎಂದು ನನಗೂ ಅನ್ನಿಸುತ್ತದೆ.

ಭಾನು


ನಾರಾಯಣಪೇಟೆ
28 ಸೆಪ್ಟೆಂಬರ್ 2025

ಭಾನುಪ್ರಕಾಶ,

ಕಟ್ಟೆಯ ಮೇಲೆ ಪೆದ್ದಯ್ಯನ ಮುಂದೆ ನಿನ್ನ ಕಾಗದ ಒಡೆದೆ. ಮೊದಲ ಸಾಲು ಜೋರಾಗಿ ಓದಿದೆ. ಸಾಕು, ಮಡಚು ಅಂದ. ಮಡಚಿದೆ. ಕೆಳಗೆ ಏನು ಬರೆದಿದ್ದೀಯೋ ನಾನು ನೋಡಿಲ್ಲ. ಈ ಲಕೋಟೆಯಲ್ಲೇ ವಾಪಸು ಇಟ್ಟಿದ್ದೇನೆ, ಶಾಲು ಬೇರೆ ಪಾರ್ಸೆಲಿನಲ್ಲಿ ಬರುತ್ತದೆ.

ಲಿಂಗಣ್ಣನ ಕಾಲು ಹಿಡಿದು ತಪ್ಪಾಯಿತು ಎಂದು ಕೇಳಿಕೊಂಡೆ. ನಿನ್ನೆ ಅವನೂ ನಾನೂ ಸ್ರವಂತಿಯೂ ಸೇರಿ ಮೋರಿಯ ಅಂಚಿಗೆ ಮತ್ತೆ ಕಲ್ಲು ಇಟ್ಟೆವು. ಈ ಸಲ ಸುಣ್ಣದ ಮೇಲೆ ಕರಿಬಣ್ಣದಲ್ಲಿ, ದಾರಿಯಿಂದಲೇ ಓದುವಷ್ಟು ದಪ್ಪಗೆ, ಒಂದೊಂದು ಕಲ್ಲಿನ ಮೇಲೂ ನನ್ನ ಹೆಸರು ಬರೆಸಿದ್ದೇನೆ. ತಪ್ಪು ನನ್ನದೆಂದು ಕೋರ್ಟು ಹೇಳಿದ ಮೇಲೆ ಮೋರಿಯೂ ನನ್ನದೇ.

ಜೀಪು ಕಳಿಸುವವನು ನೀನೇ ಅಲ್ಲವೇ. ಎತ್ತಿಸು.

ನವನೀತಾ